ಶಾಲೆಯ ಗೇಟು ದಾಟಿದ ಮೇಲೆ: ವಿಶೇಷ ಮಕ್ಕಳ ಮುಂದಿನ ಬದುಕಿಗೆ ಹದಿಮೂರರಿಂದಲೇ ತಯಾರಿ

ನನ್ನ ಮಗನಿಗೆ ಈಗ 23 ವರ್ಷ. ಅವನಿಗೆ ಬೌದ್ಧಿಕ ವೈಕಲ್ಯ ಇದೆ. ನಮ್ಮ ಹಳ್ಳಿಯಿಂದ ತಿಪಟೂರಿಗೆ ಬೆಳಗ್ಗೆ ಎಂಟೂವರೆ ಬಸ್ಸಿಗೆ ಒಬ್ಬನೇ ಹೋಗುತ್ತಾನೆ. ಅಲ್ಲೊಂದು ಬೇಕರಿಯಲ್ಲಿ ಖಾರಾ ಬಿಸ್ಕತ್ತು, ರಸ್ಕು ಪ್ಯಾಕ್ ಮಾಡುತ್ತಾನೆ. ಸಂಜೆ ಬಂದು ಚೀಲ ಗೂಟಕ್ಕೆ ಸಿಕ್ಕಿಸಿ "ಅಮ್ಮಾ, ಕಾಫಿ" ಅನ್ನುತ್ತಾನೆ. ಇಷ್ಟೇ. ಆದರೆ ಇಷ್ಟಾಗಲು ಹತ್ತು ವರ್ಷ ಹಿಡಿಯಿತು.

ಮದುವೆ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಬಸ್ಸಿನಲ್ಲಿ ಸಿಗುವ ಎಷ್ಟೋ ತಾಯಂದಿರು ನನ್ನನ್ನು ಕೇಳುವುದು ಒಂದೇ ಮಾತು: "ಸ್ಕೂಲು ಮುಗೀತು, ಇನ್ನು ಇವನನ್ನು ಏನು ಮಾಡೋದು?" ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾದ್ದು ಏಳನೇ ಕ್ಲಾಸಿನಲ್ಲಿ. ಶಾಲೆ ಇರುವಷ್ಟು ದಿನ ಬೆಳಗ್ಗೆ ಎದ್ದು ಹೊರಡಲು ಒಂದು ಜಾಗ ಇರುತ್ತದೆ, ಮಾತಾಡಿಸುವ ಜನ ಇರುತ್ತಾರೆ. ಶಾಲೆ ನಿಂತರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಮಗು ಟಿವಿ ಮುಂದೆ ಕೂತುಬಿಡುತ್ತದೆ. ಕಲಿತದ್ದೂ ಮರೆತುಹೋಗುತ್ತದೆ. ನಮ್ಮ ಮನೆಯಲ್ಲಿ ಆರು ತಿಂಗಳು ಹಾಗೇ ಆಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಚ್ಚಾಗಿ ಬೌದ್ಧಿಕ ವೈಕಲ್ಯ, ಆಟಿಸಂ ಇರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಬೇರೆ ಮಕ್ಕಳಿಗೆ ಬೇಕಾದ್ದೂ ನಡುನಡುವೆ ಇದೆ.

ಒಂದು ವಾರ ಸುಮ್ನೆ ನೋಡಿ, ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮಗು ಏನೇನು ಮಾಡುತ್ತದೆ ಎಂದು ಒಂದು ವಾರ ಬರೆಯಿರಿ. ಪ್ರತಿ ಕೆಲಸದ ಮುಂದೆ ನಾಲ್ಕರಲ್ಲಿ ಒಂದು ಗುರುತು ಹಾಕಿ: ತಾನೇ ಮಾಡುತ್ತಾನೆ, ನೆನಪಿಸಿದರೆ ಮಾಡುತ್ತಾನೆ, ಕೈ ಹಿಡಿದು ಮಾಡಿಸಬೇಕು, ನಾವೇ ಮಾಡುತ್ತಿದ್ದೇವೆ.

ನನಗೆ ಬೇಜಾರಾಗಿದ್ದು ನಾಲ್ಕನೆಯ ಗುರುತು ಕಂಡಾಗ. ಅವನಿಗೆ ಬರದ ಕೆಲಸಗಳು ಅಲ್ಲಿದ್ದದ್ದು ಕಡಿಮೆ. ಹೊತ್ತಾಯಿತು ಎಂದು ನಾನೇ ಗಡಿಬಿಡಿಯಲ್ಲಿ ಮಾಡಿಬಿಡುತ್ತಿದ್ದ ಕೆಲಸಗಳೇ ಜಾಸ್ತಿ. ಅಂಗಿ ಗುಂಡಿ, ತಟ್ಟೆ ತೊಳೆಯುವುದು, ಬ್ಯಾಗಿಗೆ ನೀರಿನ ಬಾಟಲಿ ಇಡುವುದು. ಹನ್ನೆರಡು ವರ್ಷದ ಹುಡುಗನಿಗೆ ಅನ್ನ ಕಲಸಿ ಕೊಡುತ್ತಿದ್ದೆ.

ಅದೇ ನೋಟ್‌ಬುಕ್ಕಿನಲ್ಲಿ ಮಗುವಿಗೆ ಏನು ಇಷ್ಟ ಎಂಬುದನ್ನೂ ಬರೆಯಿರಿ. ನನ್ನ ಮಗ ಮನೆಗೆ ಯಾರೇ ಬಂದರೂ ಅವರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಇಡುತ್ತಿದ್ದ. ನಾವು ನಗುತ್ತಿದ್ದೆವು. ಒಬ್ಬ ಸ್ಪೆಷಲ್ ಟೀಚರ್ ನೋಡಿ, "ಇವನಿಗೆ ಜೋಡಿಸುವ ಕೆಲಸ ಒಗ್ಗುತ್ತೆ ಅಮ್ಮಾ, ಬರೆದಿಟ್ಟುಕೊಳ್ಳಿ" ಅಂದರು. ಇವತ್ತು ಅವನು ಮಾಡುತ್ತಿರುವುದು ಅದನ್ನೇ. ಮಗುವನ್ನೇ ಕೇಳುವುದನ್ನೂ ಮರೆಯಬೇಡಿ. ಮಾತು ಬರದಿದ್ದರೆ ಫೋಟೋ ತೋರಿಸಿ ಕೇಳಿ: ದನದ ಕೊಟ್ಟಿಗೆ, ಅಂಗಡಿ, ಹೊಲಿಗೆ ಯಂತ್ರ, ತೋಟ, ಕಂಪ್ಯೂಟರ್. ಯಾವುದರ ಮೇಲೆ ಕೈ ಇಡುತ್ತದೆ ನೋಡಿ. ಒಂದು ಸಲಕ್ಕೆ ನಂಬಬೇಡಿ, ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ.

ಶಾಲೆಯವರ ಜೊತೆ ಕೂತು ಮಾತಾಡಿ

ನೋಟ್‌ಬುಕ್ ಹಿಡಿದುಕೊಂಡೇ ಶಾಲೆಗೆ ಹೋಗಿ. ವಿಶೇಷ ಅಗತ್ಯವಿರುವ ಪ್ರತಿ ಮಗುವಿಗೂ ವೈಯಕ್ತಿಕ ಶಿಕ್ಷಣ ಯೋಜನೆ ಇರಬೇಕು, ಶಾಲೆಯಲ್ಲಿ ಅದಕ್ಕೆ ಐಇಪಿ ಎನ್ನುತ್ತಾರೆ. ಅದನ್ನು ತೋರಿಸಿ ಎಂದು ಕೇಳಿ. ಏಳನೇ ಕ್ಲಾಸು ದಾಟಿದ ಮಗುವಿನ ಯೋಜನೆಯಲ್ಲಿ ಬರೀ "ಅಕ್ಷರ ಗುರುತಿಸುವನು, ಎಣಿಸುವನು" ಅಂತಿದ್ದರೆ ಸಾಲದು. ಬಸ್ಸು, ಹಣ, ಗಡಿಯಾರ, ಕೆಲಸ ಇವೂ ಅದರೊಳಗೆ ಬರಬೇಕು. ಮೂರು ತಿಂಗಳಿಗೆ ಒಂದೇ ಗುರಿ ಸಾಕು. ಉದಾಹರಣೆಗೆ, "ಅಂಗಡಿಗೆ ಹೋಗಿ ಚೀಟಿ ಕೊಟ್ಟು ಎರಡು ಸಾಮಾನು ತಂದು ಚಿಲ್ಲರೆ ಮನೆಗೆ ಕೊಡುವುದು." ಆಯಿತೋ ಇಲ್ಲವೋ ಎಂದು ಯಾರು ಬೇಕಾದರೂ ನೋಡಿ ಹೇಳುವಂತಿರಬೇಕು.

ಸರ್ಕಾರಿ, ಅನುದಾನಿತ ಶಾಲೆಯಾದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಈ ಮಕ್ಕಳಿಗೆಂದೇ ಇರುವವರು ಅವರು. ಅವರನ್ನು ಹುಡುಕಿ ಪರಿಚಯ ಮಾಡಿಕೊಳ್ಳಿ. ಶಾಲೆಗೆ ಬರಲಾಗದಷ್ಟು ತೀವ್ರ ವೈಕಲ್ಯವಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯೂ ಅವರ ಮೂಲಕವೇ ಆಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದು ನಾಲಿಗೆ ತುದಿಯಲ್ಲಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ 31ನೇ ಕಲಮಿನ ಪ್ರಕಾರ, ಶೇ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ, ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಹದಿನಾಲ್ಕಕ್ಕೆ ನಿಲ್ಲುವುದಿಲ್ಲ, ಹದಿನೆಂಟರವರೆಗೆ.

ನನಗೆ ಇದು ಗೊತ್ತಿರಲಿಲ್ಲ. ಮಗ ಎಂಟನೇ ಕ್ಲಾಸು ಮುಗಿಸಿದಾಗ ಶಾಲೆಯವರು ನನ್ನನ್ನು ಕರೆದು, "ಮುಂದಕ್ಕೆ ಕಷ್ಟ. ನಮ್ಮ ರಿಸಲ್ಟ್ ಕೂಡ ನೋಡಬೇಕಲ್ಲ" ಅಂದರು. ನಾನು ಟಿಸಿ ಇಸಿದುಕೊಂಡು ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಅವನ ಕೈ ಹಿಡಿದು ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ನಿಮಗೆ ಹೀಗೆ ಹೇಳಿದರೆ ಟಿಸಿ ಮುಟ್ಟಬೇಡಿ. "ಅದನ್ನೇ ಬರೆದು ಕೊಡಿ ಸಾರ್" ಎಂದು ಕೇಳಿ. ಬಹುಪಾಲು ಅಲ್ಲಿಗೇ ಮಾತು ತಣ್ಣಗಾಗುತ್ತದೆ. ಆಗದಿದ್ದರೆ ಬಿಇಒ ಕಚೇರಿಗೆ ಅರ್ಜಿ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅದಕ್ಕೂ ಮೇಲೆ, ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ. ದೂರು ಕೊಡಲು ವಕೀಲರು ಬೇಕಿಲ್ಲ.

ಕಾಗದಪತ್ರಕ್ಕೆ ಒಂದು ಫೈಲು

ಈ ಕೆಲಸ ಯಾರಿಗೂ ಇಷ್ಟವಿಲ್ಲ, ಆದರೆ ಇದು ಕೈಕೊಟ್ಟರೆ ಉಳಿದದ್ದೆಲ್ಲ ನಿಲ್ಲುತ್ತದೆ. ಮೊದಲು ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ. ಶೇ 40ರಿಂದ 79ರವರೆಗೆ ಹಳದಿ ಕಾರ್ಡು, 80 ಮತ್ತು ಮೇಲೆ ನೀಲಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ. ಶಿಕ್ಷಣ, ಉದ್ಯೋಗದ ಮೀಸಲಾತಿಗೆಲ್ಲ ಕನಿಷ್ಠ 40 ಬೇಕು. ಅರ್ಜಿ ಹಾಕುವುದು ತಿಳಿಯದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಕೇಳಿ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ವಿಕಲಚೇತನರೇ ಆಗಿರುತ್ತಾರೆ, ನಮ್ಮ ಕಷ್ಟ ಬಿಡಿಸಿ ಹೇಳಬೇಕಿಲ್ಲ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ, ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ ಇರುತ್ತಾರೆ.

ಕಾರ್ಡಿನಲ್ಲಿ ಅವಧಿ ಬರೆದಿದೆಯಾ ನೋಡಿ. ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ 8, 14 ಮತ್ತು 18ನೇ ವಯಸ್ಸಿನಲ್ಲಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಪದ್ಧತಿ ಇದೆ. ಹದಿನಾಲ್ಕರದ್ದು ತಪ್ಪಿದರೆ ಎಸ್ಸೆಸ್ಸೆಲ್ಸಿ ಹೊತ್ತಿಗೆ ಪೇಚಾಟ.

ಆಧಾರ್ ಬಯೋಮೆಟ್ರಿಕ್ಕನ್ನು 5 ಮತ್ತು 15ನೇ ವಯಸ್ಸಿನಲ್ಲಿ ಹೊಸದಾಗಿ ಕೊಡಲೇಬೇಕು. ಬೆರಳು ಸರಿಯಾಗಿ ಮೂಡದ, ಕಣ್ಣು ನಿಲ್ಲಿಸಲಾಗದ ಮಕ್ಕಳಿಗೆ ಬಯೋಮೆಟ್ರಿಕ್ ವಿನಾಯಿತಿ ಹಾಕಿ ನೋಂದಾಯಿಸಬಹುದು. "ಬೆರಳು ಬರ್ತಿಲ್ಲ, ಹೋಗಿ" ಎಂದರೆ ಈ ವಿನಾಯಿತಿಯ ಹೆಸರು ಹೇಳಿ ಕೇಳಿ. ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ, ಕೇಂದ್ರದ ಎನ್‌ಎಸ್‌ಪಿಯೂ ಇದೆ. ಎಲ್ಲ ಕಡೆ ಹೆಸರು, ಹುಟ್ಟಿದ ದಿನ ಒಂದೇ ಥರ ಇರಲಿ. ನಮ್ಮಲ್ಲಿ ಆಧಾರಿನಲ್ಲಿ ಇನಿಷಿಯಲ್ ಮುಂದೆ, ಶಾಲೆ ದಾಖಲೆಯಲ್ಲಿ ಹಿಂದೆ. ಅದೊಂದಕ್ಕೆ ನಾಲ್ಕು ಸಲ ಓಡಾಡಿದೆ.

ಪರೀಕ್ಷೆ: ಒಂಬತ್ತರಲ್ಲೇ ಕೇಳಿ, ಹತ್ತರಲ್ಲಿ ಅಲ್ಲ

ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಮಕ್ಕಳಿಗೆ ರಿಯಾಯಿತಿಗಳಿವೆ. ಮಗು ಹೇಳಿದ್ದನ್ನು ಬರೆದುಕೊಡುವ ಸ್ಕ್ರೈಬ್, ಹೆಚ್ಚುವರಿ ಸಮಯ, ಭಾಷಾ ವಿಷಯಗಳಲ್ಲಿ ವಿನಾಯಿತಿ, ಗಣಿತ, ವಿಜ್ಞಾನದ ಬದಲಿಗೆ ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ಪರ್ಯಾಯ ವಿಷಯ. ಎಲ್ಲವೂ ಎಲ್ಲರಿಗೂ ಸಿಗುವುದಿಲ್ಲ, ವೈಕಲ್ಯದ ಮೇಲೆ ಹೋಗುತ್ತದೆ. ಮಂಡಳಿಯ ಸುತ್ತೋಲೆಯ ಪ್ರತಿಯನ್ನು ಹೆಡ್‌ಮಾಸ್ಟರ್ ಹತ್ತಿರ ಕೇಳಿ ಓದಿ. ಅರ್ಜಿ ಹೋಗುವುದು ಶಾಲೆಯ ಮೂಲಕವೇ.

ಒಂಬತ್ತರಲ್ಲೇ ಯಾಕೆ ಅಂದರೆ, ಪರ್ಯಾಯ ವಿಷಯ ಓದಲು ಒಂದು ವರ್ಷ ಬೇಕು. ಸ್ಕ್ರೈಬ್ ಜೊತೆ ಬರೆಯುವುದಕ್ಕೂ ಅಭ್ಯಾಸ ಬೇಕು. ಮನಸ್ಸಿನಲ್ಲಿರುವ ಉತ್ತರವನ್ನು ಇನ್ನೊಬ್ಬರಿಗೆ ಸಾಲು ಸಾಲಾಗಿ ಹೇಳಿ ಬರೆಸುವುದು ಬೇರೆಯೇ ವಿದ್ಯೆ. ಕಿರುಪರೀಕ್ಷೆಗಳಲ್ಲೇ ಸ್ಕ್ರೈಬ್ ಕೊಡಿಸಿ. ಮಾರ್ಚಿನಲ್ಲಿ ಮೊದಲ ಸಲ ಹೊಸ ಮುಖ ನೋಡಿದರೆ ಮಗು ಬಾಯೇ ಬಿಡುವುದಿಲ್ಲ.

ಎಸ್ಸೆಸ್ಸೆಲ್ಸಿ ಭಾರ ಅನಿಸಿದರೆ ಎನ್‌ಐಒಎಸ್ ಇದೆ, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. 14 ವರ್ಷ ತುಂಬಿದ್ದರೆ ಹತ್ತನೇ ಮಟ್ಟಕ್ಕೆ ಸೇರಬಹುದು. ಐದು ವಿಷಯ ಸಾಕು, ಅದರಲ್ಲಿ ಒಂದು ಭಾಷೆ. ಐದು ವರ್ಷದ ಅವಧಿಯಲ್ಲಿ ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ನನ್ನ ಮಗ ಎರಡು ವಿಷಯ ಪಾಸಾದ. ಮೂರನೆಯದಕ್ಕೆ ಕೂತಾಗ ರಾತ್ರಿ ನಿದ್ದೆಯಲ್ಲಿ ಕನವರಿಸುತ್ತಿದ್ದ. ನಿಲ್ಲಿಸಿದೆವು. ಅವನಿಗೆ ಓದಿನಲ್ಲಿ ಸುಖವಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗಿಂತ ನಮ್ಮ ಯಜಮಾನರಿಗೆ ಜಾಸ್ತಿ ದಿನ ಬೇಕಾಯಿತು.

ಅಂಕಪಟ್ಟಿಯಲ್ಲಿ ಬರದ ಪಾಠಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಗನ ಬದುಕು ತಿರುಗಿದ್ದು ಇಲ್ಲೇ.

ಹಣ. ಎಣಿಕೆ ಬರುವವರೆಗೆ ಕಾಯಬೇಡಿ. ನನ್ನ ಮಗನಿಗೆ ಈಗಲೂ ಹತ್ತರ ಮೇಲೆ ಎಣಿಕೆ ತಪ್ಪುತ್ತದೆ. ಆದರೆ ಬಣ್ಣ ಗೊತ್ತು. ಹತ್ತು ರೂಪಾಯಿ ಚಾಕೊಲೇಟ್ ಬಣ್ಣ, ಐವತ್ತು ನೀಲಿ, ನೂರು ನೇರಳೆ, ಇನ್ನೂರು ಹಳದಿ. ಒಂದು ರಟ್ಟಿನ ಮೇಲೆ ಎಡಗಡೆ ನೋಟಿನ ಚಿತ್ರ, ಬಲಗಡೆ ಅದಕ್ಕೆ ಬರುವ ಸಾಮಾನಿನ ಚಿತ್ರ ಅಂಟಿಸಿದ್ದೆ. ಮೊದಲ ಎರಡು ತಿಂಗಳು ಹತ್ತರ ನೋಟು ಮಾತ್ರ. ಅಂಗಡಿಯ ಅಣ್ಣನಿಗೆ ಮೊದಲೇ ಹೇಳಿಟ್ಟೆ: "ಅವನು ಬಂದರೆ ನೀವಾಗಿ ಏನೂ ಕೊಡಬೇಡಿ, ಅವನೇ ಕೇಳಲಿ, ಕಾಯಿರಿ." ಅವರು ಕಾದರು. ಹನ್ನೊಂದನೇ ದಿನ "ಸೋಪು" ಅಂದನಂತೆ. ಅಂಗಡಿಯವರೇ ಮನೆಗೆ ಬಂದು ಹೇಳಿ ಹೋದರು.

ಬಸ್ಸು. ನಾಲ್ಕು ಮೆಟ್ಟಿಲು ಮಾಡಿಕೊಂಡೆವು. ಮೊದಲು ಪಕ್ಕದಲ್ಲಿ ಕೂತು ದಾರಿಯ ಗುರುತು ಹೇಳುತ್ತಾ ಹೋಗುವುದು: ಆಂಜನೇಯನ ಗುಡಿ, ಪೆಟ್ರೋಲ್ ಬಂಕ್, ರೈಲ್ವೆ ಗೇಟು, ಇಳಿಯಬೇಕು. ಎರಡನೆಯದು, ಅದೇ ಬಸ್ಸಿನಲ್ಲಿ ನಾನು ಹಿಂದಿನ ಸೀಟು, ಅವನು ಮುಂದೆ. ಮೂರನೆಯದು, ಹತ್ತಿಸಲು ಇಲ್ಲಿ ನಾನು, ಇಳಿಸಿಕೊಳ್ಳಲು ಅಲ್ಲಿ ಅವನ ಅಕ್ಕ. ನಾಲ್ಕನೆಯದು ಒಬ್ಬನೇ. ಒಂದು ಮೆಟ್ಟಿಲು ಐದು ದಿನ ಸತತವಾಗಿ ಸರಿಯಾದರೆ ಮಾತ್ರ ಮುಂದಿನದು. ತಪ್ಪಿದರೆ ಒಂದು ಮೆಟ್ಟಿಲು ಕೆಳಗೆ, ಬೈಗುಳವಿಲ್ಲ. ನಮಗೆ ಏಳು ತಿಂಗಳು ಬೇಕಾಯಿತು. ಒಮ್ಮೆ ಇಳಿಯುವುದು ಮರೆತು ಮುಂದಿನ ಸ್ಟಾಪಿಗೆ ಹೋಗಿಬಿಟ್ಟ. ಕೊರಳಿನ ಕಾರ್ಡು ತೆಗೆದು ಕಂಡಕ್ಟರಿಗೆ ತೋರಿಸಿದ್ದಾನೆ. ಅದರ ಮೇಲೆ ನಮ್ಮ ಫೋನ್ ನಂಬರ್ ಇತ್ತು. ನನಗೆ ಎದೆ ಬಡಿತ ಇಳಿಯಲು ಸಂಜೆ ಆಯಿತು, ಆದರೆ ಅವನು ಸರಿಯಾದದ್ದನ್ನೇ ಮಾಡಿದ್ದ. ದಾರಿ ತಪ್ಪಿದಾಗ ಏನು ಮಾಡಬೇಕು ಎಂಬುದನ್ನು ದಾರಿಯಷ್ಟೇ ಕಲಿಸಿ. ಬಸ್ ಪಾಸಿನ ಅರ್ಜಿ ಸೇವಾ ಸಿಂಧುವಿನಲ್ಲಿ. ವಿಕಲಚೇತನರ ರಿಯಾಯಿತಿ ಪಾಸು ಮನೆಯಿಂದ 100 ಕಿಲೋಮೀಟರ್ ದೂರದವರೆಗೆ ನಡೆಯುತ್ತದೆ.

ಮೈ. ಇದನ್ನು ಬರೆಯಲು ಸಂಕೋಚವಿಲ್ಲ, ನಿಮಗೂ ಬೇಡ. ಹನ್ನೆರಡು ತುಂಬುವುದರೊಳಗೆ ಬಾಗಿಲು ಹಾಕಿಕೊಂಡು ಸ್ನಾನ, ಒಳಗೇ ಬಟ್ಟೆ ಹಾಕಿಕೊಳ್ಳುವುದು ಕಲಿಸಿ. ದೇಹದ ಭಾಗಗಳ ಸರಿಯಾದ ಹೆಸರು ಹೇಳಿಕೊಡಿ. ಹೆಸರೇ ಗೊತ್ತಿಲ್ಲದ ಮಗು ಯಾರಾದರೂ ಮುಟ್ಟಿದರೆ ಹೇಗೆ ಹೇಳುತ್ತದೆ? ಎಲ್ಲರನ್ನೂ ತಬ್ಬಿಕೊಳ್ಳುವ ಅಭ್ಯಾಸ ಚಿಕ್ಕವರಲ್ಲಿ ಮುದ್ದು, ಹದಿನಾರರಲ್ಲಿ ಅಪಾಯ. ನಮಸ್ಕಾರ ಮಾಡುವುದಕ್ಕೆ ಬದಲಿಸಿ. ಹೆಣ್ಣುಮಕ್ಕಳಾದರೆ ಮುಟ್ಟು ಶುರುವಾಗುವ ಮೊದಲೇ ಪ್ಯಾಡ್ ಹಾಕುವ ಅಭ್ಯಾಸ ಮಾಡಿಸಿ. ಕುಂಕುಮದ ನೀರು ಹಚ್ಚಿ, "ಹೀಗೆ ಕಂಡರೆ ಹೀಗೆ ಬದಲಿಸಬೇಕು" ಎಂದು ಗೊಂಬೆಯ ಮೇಲೂ ತೋರಿಸಬಹುದು. ತಂಗಿಯ ಮಗಳು ಹೀಗೇ ಕಲಿತಳು. "ಗರ್ಭಕೋಶ ತೆಗೆಸಿಬಿಡಿ, ರಗಳೆ ತಪ್ಪುತ್ತೆ" ಎನ್ನುವವರು ಸಿಗುತ್ತಾರೆ. ದಯವಿಟ್ಟು ಕಿವಿಗೊಡಬೇಡಿ. ಮಗುವಿಗೆ ಏನಾದರೂ ತೊಂದರೆ ಆಯಿತೆಂಬ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಬೇಡ ಅನ್ನುವುದು. ನಮ್ಮ ಮಕ್ಕಳಿಗೆ ನಾವು ಹೇಳಿದ ಹಾಗೆ ಕೇಳುವುದನ್ನು ಮಾತ್ರ ಕಲಿಸಿರುತ್ತೇವೆ, ಅಲ್ವಾ? ದಿನಕ್ಕೊಂದು ಸಲವಾದರೂ ಆಯ್ಕೆ ಕೊಡಿ. ಈ ಅಂಗಿಯಾ, ಆ ಅಂಗಿಯಾ? ದೋಸೆಯಾ, ಉಪ್ಪಿಟ್ಟಾ? ಬೇಡ ಅಂದರೆ ಆ ಮಾತಿಗೆ ಬೆಲೆ ಕೊಡಿ. ಮನೆಯಲ್ಲಿ ಬೇಡ ಅನ್ನಲು ಬಾರದವರು ಹೊರಗೆ ಅನ್ನುವುದಿಲ್ಲ.

ಓದು ಮುಂದುವರಿಸುವವರಿಗೆ

ಕಣ್ಣು, ಕಿವಿ, ಕೈಕಾಲಿನ ತೊಂದರೆ ಅಥವಾ ಕಲಿಕಾ ನ್ಯೂನತೆ ಇರುವ ಎಷ್ಟೋ ಮಕ್ಕಳು ಪಿಯುಸಿ, ಡಿಗ್ರಿ ಆರಾಮಾಗಿ ಮಾಡುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು, ವಯಸ್ಸಿನ ಮಿತಿಯಲ್ಲಿ 5 ವರ್ಷ ಸಡಿಲಿಕೆ. ಪರೀಕ್ಷಾ ರಿಯಾಯಿತಿ ತಾನಾಗಿ ಮುಂದುವರಿಯುವುದಿಲ್ಲ. ಕಾಲೇಜು ಸೇರಿದ ಮೊದಲ ತಿಂಗಳಲ್ಲೇ ಹೊಸದಾಗಿ ಅರ್ಜಿ ಕೊಡಿ.

ಮೈಸೂರಿನಲ್ಲಿ ವಿಶೇಷಚೇತನರಿಗೆಂದೇ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ, 1989ರಿಂದ ನಡೆಯುತ್ತಿದೆ. ಮಾತು, ಶ್ರವಣದ ವಿಷಯದಲ್ಲಿ ಅದೇ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿ ಬನ್ನಿ. ಐಟಿಐನ ಕೆಲವು ಟ್ರೇಡುಗಳಿಗೆ ಎಂಟನೇ ಕ್ಲಾಸು ಪಾಸಾಗಿದ್ದರೂ ಸಾಕು, ಎಸ್ಸೆಸ್ಸೆಲ್ಸಿ ಆಗಲಿಲ್ಲ ಎಂದು ಆಸೆ ಬಿಡಬೇಡಿ. ಕಾಲೇಜು ಆರಿಸುವ ಮೊದಲು ಖುದ್ದಾಗಿ ಹೋಗಿ ಶೌಚಾಲಯ ನೋಡಿ. ಗೇಟಿನ ಹತ್ತಿರ ರ‍್ಯಾಂಪ್ ಇದ್ದು ಶೌಚಾಲಯಕ್ಕೆ ಮೂರು ಮೆಟ್ಟಿಲಿರುವ ಕಡೆ ಗಾಲಿಕುರ್ಚಿಯ ಮಗು ಇಡೀ ದಿನ ನೀರು ಕುಡಿಯದೆ ಕೂರುತ್ತದೆ.

ಕೆಲಸ ಹುಡುಕುವುದು

ಹದಿನಾರರ ಹೊತ್ತಿಗೆ ಕೆಲಸದ ರುಚಿ ತೋರಿಸಲು ಶುರು ಮಾಡಿ. ಸಂಬಳಕ್ಕಲ್ಲ, ನೋಡಲು. ನೆಂಟರ ತೋಟ, ಚಿಕ್ಕಪ್ಪನ ಅಂಗಡಿ, ಊರಿನ ಹೊಲಿಗೆ ಮಳಿಗೆ. ಒಂದೊಂದು ಕಡೆ ವಾರಕ್ಕೆ ಎರಡು ಗಂಟೆ, ನೀವೂ ಜೊತೆಗಿರಿ. ಎಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ, ಎಲ್ಲಿ ಕಿವಿ ಮುಚ್ಚಿಕೊಂಡ ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನನ್ನ ಮಗನಿಗೆ ಕೊಬ್ಬರಿ ಮಂಡಿ ಆಗಲಿಲ್ಲ. ಧೂಳು, ಗದ್ದಲ, ಕೂಗಾಟ. ಮೊದಲ ದಿನವೇ ಮೂಟೆಗಳ ಹಿಂದೆ ಹೋಗಿ ಕೂತ.

ಬೇಕರಿಯಲ್ಲಿ ಆದದ್ದು ಹೀಗೆ. ಒಂದು ಪ್ಯಾಕೆಟ್ಟಿಗೆ ಹನ್ನೆರಡು ಖಾರಾ ಬಿಸ್ಕತ್ತು. ಅವನು ಒಮ್ಮೆ ಹತ್ತು ಹಾಕುತ್ತಿದ್ದ, ಒಮ್ಮೆ ಹದಿನಾಲ್ಕು. ಮಾಲೀಕರು ಒಳ್ಳೆಯವರು, ಆದರೆ ವ್ಯಾಪಾರ ನಡೆಯಬೇಕಲ್ಲ. ಮೂರನೇ ದಿನ ಅವರ ಹೆಂಡತಿ ಕಪ್‌ಕೇಕ್ ಬೇಯಿಸುವ ಟ್ರೇ ತಂದು ಮುಂದಿಟ್ಟರು. ಅದರಲ್ಲಿ ಹನ್ನೆರಡು ಗುಂಡಿ. "ಒಂದೊಂದು ಗುಂಡಿಗೆ ಒಂದೊಂದು ಇಡಪ್ಪಾ. ಖಾಲಿ ಇರಬಾರದು. ತುಂಬಿದ ಮೇಲೆ ಕವರಿಗೆ ಹಾಕು." ಅವತ್ತಿನಿಂದ ಲೆಕ್ಕ ತಪ್ಪಿಲ್ಲ. ಅವನಿಗೆ ಹನ್ನೆರಡು ಎಣಿಸಲು ಇವತ್ತಿಗೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಕೆಲಸ ಕಲಿಸುವಾಗ ಇದೊಂದನ್ನು ಕೇಳಿಕೊಳ್ಳಿ: ಮಗುವಿಗೆ ಬಾರದ್ದನ್ನು ಟ್ರೇ, ಗುರುತು, ಬಣ್ಣ, ಅಳತೆಯ ಲೋಟ ಇವುಗಳಲ್ಲಿ ಯಾವುದು ಮಾಡಿಕೊಡುತ್ತದೆ?

ಕೆಲಸಕ್ಕೆ ಸೇರಿಸುವಾಗ ಮಾಲೀಕರ ಹತ್ತಿರ ಏನನ್ನೂ ಮುಚ್ಚಿಡಬೇಡಿ. ಒಂದು ತಿಂಗಳು ಪರೀಕ್ಷಾರ್ಥ ಎಂದು ಮಾತಾಡಿ. ಮೊದಲ ವಾರ ಮನೆಯವರೊಬ್ಬರು ಪಕ್ಕದಲ್ಲಿ ನಿಂತು ಕೆಲಸ ಕಲಿಸಿ, ಮೆಲ್ಲಗೆ ಹಿಂದೆ ಸರಿಯಿರಿ. ಜೊತೆಗೆ ಕೆಲಸ ಮಾಡುವವರಲ್ಲಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ, ಏನಾದರೂ ಆದರೆ ಮಗ ಹೋಗಿ ಹೇಳುವುದು ಅವರಿಗೆ. ಸಂಬಳದ ಮಾತು ಗಟ್ಟಿಯಾಗಿ ಆಡಿ. "ಹೊತ್ತು ಹೋದರೆ ಸಾಕು, ಏನೂ ಕೊಡಬೇಡಿ" ಎಂದು ನಾವೇ ಹೇಳಿದರೆ ಅವನ ದುಡಿಮೆಗೆ ನಾವೇ ಬೆಲೆ ಇಲ್ಲ ಎಂದ ಹಾಗೆ. ಮೊದಲ ಸಂಬಳದಲ್ಲಿ ಅವನು ಅಕ್ಕನಿಗೆ ಬಳೆ ತಂದ. ಒಂದು ಕೈಗೆ ಹಸಿರು, ಒಂದು ಕೈಗೆ ಕೆಂಪು.

ಪೇಟೆಯಲ್ಲಿ ಕೆಲಸ ಹುಡುಕುವವರಿಗೆ ಬೆಂಗಳೂರಿನಲ್ಲಿ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವಿದೆ. ಸಮರ್ಥನಂ, ಎನೇಬಲ್ ಇಂಡಿಯಾ, ಎಪಿಡಿ ಸಂಸ್ಥೆಗಳು ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುತ್ತವೆ. ಎಪಿಡಿಯ ತೋಟಗಾರಿಕೆ ತರಬೇತಿ ಮಣ್ಣಿನ ಕೆಲಸ ಇಷ್ಟಪಡುವ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ. 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಮೀಸಲಾತಿ ಇದೆ. ಅದರಲ್ಲಿ ಶೇ 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಇರುವವರ ಪಾಲು. ಗ್ರಾಮ ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲೂ ವಿಕಲಚೇತನರಿಗೆಂದು ಶೇ 5 ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಸಣ್ಣ ಅಂಗಡಿ, ಹೊಲಿಗೆ ಯಂತ್ರಕ್ಕೆ ದಾರಿ ಅಲ್ಲೇ ಸಿಗಬಹುದು.

ಹದಿನೆಂಟು ತುಂಬುವ ದಿನ

ಹದಿನೆಂಟು ತುಂಬಿದ ಮೇಲೆ ಕಾನೂನಿನ ಕಣ್ಣಿಗೆ ನಮ್ಮ ಮಗು ವಯಸ್ಕ. ಬ್ಯಾಂಕಿನಲ್ಲಿ, ಆಸ್ತಿ ವ್ಯವಹಾರದಲ್ಲಿ ಅಪ್ಪ ಅಮ್ಮನ ಸಹಿ ಮಗುವಿನ ಸಹಿ ಆಗುವುದಿಲ್ಲ. ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲಾಗದವರು ತಮ್ಮ ವ್ಯವಹಾರ ತಾವೇ ನೋಡಿಕೊಳ್ಳಬಹುದು, ಅವರ ಪರವಾಗಿ ಸಹಿ ಹಾಕುವ ಕಾನೂನುಬದ್ಧ ಪೋಷಕರು ಬೇಕಿಲ್ಲ. ಬ್ಯಾಂಕಿನವರು ಕೇಳಿದರೂ ಒಪ್ಪಬೇಡಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಇವರಲ್ಲಿ ಯಾರಿಗೆ ನಿಜಕ್ಕೂ ಬೇಕೋ ಅವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು. ಕೋರ್ಟಿಗೆ ಅಲೆಯಬೇಕಿಲ್ಲ. ನಮೂನೆ 'ಎ'ಯಲ್ಲಿ ಅರ್ಜಿ ಕೊಡಬೇಕು. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ನೇಮಕವಾದ ಮೇಲೆ ಆರು ತಿಂಗಳೊಳಗೆ ಮಗುವಿನ ಆಸ್ತಿ, ಹಣದ ಪಟ್ಟಿ ಕೊಡಬೇಕು, ಪ್ರತಿ ವರ್ಷ ಲೆಕ್ಕವನ್ನೂ ಒಪ್ಪಿಸಬೇಕು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವಿದೆ, ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ.

ಅಪ್ಪ ಅಥವಾ ಅಮ್ಮ ಸರ್ಕಾರಿ ನೌಕರರಾದರೆ, ದುಡಿದು ಬದುಕಲಾಗದ ವಿಕಲಚೇತನ ಮಗುವಿಗೆ ಜೀವನಪರ್ಯಂತ ಕುಟುಂಬ ಪಿಂಚಣಿಗೆ ಅವಕಾಶವಿದೆ. ನಿವೃತ್ತಿಗೆ ಮೊದಲೇ ಕಚೇರಿ ದಾಖಲೆಯಲ್ಲಿ ಮಗುವಿನ ಹೆಸರು, ವೈಕಲ್ಯ ನಮೂದಾಗಿದೆಯಾ ನೋಡಿಕೊಳ್ಳಿ. ಜಮೀನು, ಮನೆ ಇದ್ದವರು ವಿಲ್ ಬರೆಯಿರಿ. "ಅಣ್ಣ ನೋಡ್ಕೋತಾನೆ ಬಿಡಿ" ಎಂಬ ಬಾಯಿಮಾತು ಸಾಲದು. ಅಣ್ಣನಿಗೂ ಅದರಿಂದ ಅನ್ಯಾಯವೇ. ಮತ್ತೆ, ವೋಟರ್ ಐಡಿ ಮಾಡಿಸಿ. ಮಗ ಮೊದಲ ಸಲ ಓಟು ಹಾಕಿ ಬಂದು, ಶಾಯಿ ಹಚ್ಚಿದ ಬೆರಳನ್ನು ಎರಡು ದಿನ ನೀರಿಗೆ ತಾಗಿಸಲಿಲ್ಲ.

ಕೊನೆಗೆ ಒಂದು ಪುಟ

ಇದನ್ನು ಇವತ್ತೇ ರಾತ್ರಿ ಕೂತು ಬರೆಯಬಹುದು. ಮಗುವಿನ ಬಗ್ಗೆ ಒಂದೇ ಪುಟ. ಹೊಸ ಟೀಚರಿಗೆ, ಹೊಸ ಮಾಲೀಕರಿಗೆ, ಆಸ್ಪತ್ರೆಗೆ, ನಾವಿಲ್ಲದ ದಿನ ಮನೆಯಲ್ಲಿರುವವರಿಗೆ. ಕಾಯಿಲೆಯ ಹೆಸರಿಗಿಂತ ಮಗುವಿನ ದಿನ ಹೇಗಿರುತ್ತದೆ ಎಂಬುದು ಅದರಲ್ಲಿ ಜಾಸ್ತಿ ಇರಲಿ. ಏನು ಇಷ್ಟ, ಯಾವುದಕ್ಕೆ ಹೆದರಿಕೆ, ಮಾತ್ರೆ ಯಾವುದು, ಎಷ್ಟು ಹೊತ್ತಿಗೆ, ಸಿಟ್ಟು ಬಂದರೆ ಏನು ಮಾಡಬೇಕು, ಹೇಗೆ ಹೇಳಿದರೆ ಅರ್ಥವಾಗುತ್ತದೆ. ಪ್ರತಿ ವರ್ಷ ಹುಟ್ಟುಹಬ್ಬದ ದಿನ ತೆಗೆದು ತಿದ್ದಿ. ಒಂದು ಪ್ರತಿ ಫೈಲಿನಲ್ಲಿ, ಒಂದು ಅಕ್ಕನ ಮನೆಯಲ್ಲಿ, ಒಂದು ಅವನ ಬ್ಯಾಗಿನಲ್ಲಿ.

ನಮ್ಮ ಪುಟದ ಕೆಲವು ಸಾಲು, ನಿಮಗೆ ಅಂದಾಜು ಸಿಗಲಿ ಎಂದು:

"ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಹೇಳಿದ ಮೇಲೆ ಐದು ಎಣಿಸುವಷ್ಟು ಕಾಯಿರಿ, ಅವನು ಯೋಚಿಸುತ್ತಿರುತ್ತಾನೆ.

ಜೋರಾಗಿ ಮಾತಾಡಿದರೆ ಕೆಲಸ ಬಿಟ್ಟು ನಿಲ್ಲುತ್ತಾನೆ. ಅದು ಹಟವಲ್ಲ, ಹೆದರಿಕೆ.

ಹಲ್ಲು ನೋವಾದರೆ ಹೇಳುವುದಿಲ್ಲ. ಊಟ ಬಿಡುತ್ತಾನೆ. ಬಾಯಿ ತೆರೆಸಿ ನೋಡಿ.

ಶನಿವಾರ ಗುಡಿಗೆ ಹೋಗಬೇಕು. ತಪ್ಪಿಸಿದರೆ ಭಾನುವಾರವೂ ಕೇಳುತ್ತಾನೆ.

ರಾತ್ರಿ ಕರೆಂಟು ಹೋದರೆ ಗಾಬರಿಯಾಗುತ್ತಾನೆ. ಟಾರ್ಚು ಅವನ ದಿಂಬಿನ ಎಡಗಡೆ ಇದೆ. ಅವನೇ ಹಾಕಿಕೊಳ್ಳುತ್ತಾನೆ, ನೀವು ಪಕ್ಕದಲ್ಲಿದ್ದೀರಿ ಎಂದು ಒಂದು ಮಾತು ಹೇಳಿದರೆ ಸಾಕು."